ಒಂದು ಸ್ಟೇರಿಂಗಿಗಾಗಿ ಆರಿಸಿದ ಪ್ರೊಸೆಸರ್

ನಮ್ಮವರು ಹದಿನೆಂಟು ವರ್ಷ ಲಾರಿ ಓಡಿಸಿದವರು. ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಬಂಡಲ್‌ಗಳನ್ನು ತುಂಬಿಕೊಂಡು ಬಳ್ಳಾರಿ, ಹುಬ್ಬಳ್ಳಿ, ಸೊಲ್ಲಾಪುರ ಅಂತ ಹೊರಟರೆ ನಾಲ್ಕೈದು ದಿನಕ್ಕೆ ಮನೆಗೆ ಬರುತ್ತಿದ್ದರು. ನಾನು ಅದೇ ಊರಿನ ಒಂದು ಯೂನಿಟ್ಟಿನಲ್ಲಿ ಪ್ಯಾಂಟಿಗೆ ಬೆಲ್ಟ್, ಅಂದರೆ ಸೊಂಟದ ಪಟ್ಟಿ, ಕೂರಿಸುವ ಕೆಲಸದವಳು. ನನ್ನ ತವರು ಮಡಕಶಿರಾದ ಕಡೆ, ರೊಳ್ಳದ ಹತ್ತಿರದ ಒಂದು ಹಳ್ಳಿ. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಮೂರು ವರ್ಷ ಇದ್ದು ಹೊಲಿಗೆ ಕಲಿತಿದ್ದೆ. ರಾಯದುರ್ಗದವರು ನನ್ನನ್ನು ನೋಡಲು ಬಂದಾಗ ಮೊದಲು ಕೇಳಿದ್ದೇ ಅದನ್ನು, ಮಿಷನ್ ಮೇಲೆ ಕೈ ಹೇಗಿದೆ ಅಂತ.

ನಮ್ಮವರಿಗೆ ಮೊದಲ ಸಲ ಮೂರ್ಛೆ ಬಂದದ್ದು ಮನೆಯಲ್ಲಿ, ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದಾಗ. ಬಿಸಿಲಿಗೆ ಹೀಗಾಯಿತು ಅಂದುಕೊಂಡೆವು. ಎರಡನೆಯ ಸಲ ಕಣೇಕಲ್ಲಿನಲ್ಲಿ. ಕೆರೆ ಏರಿಯ ಪಕ್ಕ ಲಾರಿ ನಿಲ್ಲಿಸಿ ಚಹಾ ಕುಡಿಯಲು ಇಳಿದವರು ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ಬಿದ್ದರಂತೆ. ಇಳಿದು ಐದು ನಿಮಿಷವೂ ಆಗಿರಲಿಲ್ಲ. ಚಹಾದಂಗಡಿಯವರು ಆಟೋದಲ್ಲಿ ಹಾಕಿಕೊಂಡು ಬಂದು ಮನೆಗೆ ಬಿಟ್ಟುಹೋದರು. ಮಾರನೆಯ ದಿನವೇ ಬಳ್ಳಾರಿಗೆ ಕರೆದುಕೊಂಡು ಹೋದೆ. ಡಾಕ್ಟರು ತಲೆಗೆ ವಯರು ಅಂಟಿಸಿ ಪರೀಕ್ಷೆ ಮಾಡಿದರು, ಮಾತ್ರೆ ಬರೆದುಕೊಟ್ಟರು, ಕೊನೆಗೆ ಪೆನ್ನು ಕೆಳಗಿಟ್ಟು, ಇನ್ನು ಲಾರಿ ಬೇಡ, ಬೈಕೂ ಬೇಡ ಅಂದರು. ನಮ್ಮವರು ಎಷ್ಟು ದಿನ ಅಂತ ಕೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ನಮ್ಮವರಿಗೂ ಆಗಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು.

ಆಮೇಲೆ ಎಂಟು ತಿಂಗಳು ಅವರು ಮನೆಯಲ್ಲೇ ಕೂತರು. ಲಾಕ್‌ಡೌನ್ ಮುಗಿದು ಯೂನಿಟ್ಟುಗಳು ಮತ್ತೆ ಶುರುವಾಗಿದ್ದ ವರ್ಷ ಅದು. ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರ ಕತ್ತರಿಸುವ ಕೆಲಸವನ್ನು ಮನೆಮನೆಗೆ ಕೊಡುತ್ತಾರೆ. ಹೆಂಗಸರು ಅಡುಗೆ ಕೆಲಸದ ನಡುವೆ ಕೂತು ಮಾಡುವಂಥದು. ನಮ್ಮವರು ತಾವಾಗಿಯೇ ಆ ಕೆಲಸ ತರಿಸಿಕೊಂಡರು. ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತು, ಸಣ್ಣ ಕತ್ತರಿ ಹಿಡಿದು, ಒಂದೊಂದೇ ಪ್ಯಾಂಟು ತಿರುಗಿಸಿ ತಿರುಗಿಸಿ ದಾರ ತೆಗೆಯುತ್ತಿದ್ದರು. ಕೆಲಸ ಅಚ್ಚುಕಟ್ಟು. ಮಾತು ಮಾತ್ರ ಇಲ್ಲ. ರಸ್ತೆಯಲ್ಲಿ ಲಾರಿ ಗೇರು ಬದಲಿಸಿದ ಸದ್ದಾದರೆ ಅವರ ಎಡಗಾಲು ಅಲ್ಲಿ ಕ್ಲಚ್ ಇದ್ದ ಹಾಗೆ ನೆಲವನ್ನು ಒತ್ತುತ್ತಿತ್ತು. ಒತ್ತಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ನಾನು ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದೆ.

ಒಂದು ದಿನ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವರು ಫೋನು ಮುಂದೆ ಹಿಡಿದರು. ಯಾರೋ ಒಬ್ಬ ಮನೆಯಲ್ಲಿ ಕುರ್ಚಿ ಮೇಲೆ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ. ಎದುರಿನ ಕಂಪ್ಯೂಟರಿನಲ್ಲಿ ದೊಡ್ಡ ಲಾರಿಯೊಂದು ಮಳೆಯಲ್ಲಿ ಹೋಗುತ್ತಿತ್ತು. ವೈಪರ್ ಆಡುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುತ್ತಿತ್ತು.

"ಇದನ್ನ ನಾವೂ ಆಡಬೌದೇನು?" ಅಂದರು.

ಎಂಟು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ವಸ್ತು ಅದು. ಅದೇನು, ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಒಂದೂ ಗೊತ್ತಿಲ್ಲದೆ ಆಡಬಹುದು ಅಂದುಬಿಟ್ಟೆ.

ನಮ್ಮ ಯೂನಿಟ್ಟಿನಲ್ಲಿ ಹಿಂಜೇಬಿನ ಮೇಲೆ ಹೂವಿನ ಕಸೂತಿ ಹಾಕುವ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ಇದೆ. ಅದನ್ನು ನಡೆಸುವವರು ನಲವತ್ತೈದು ದಾಟಿದ ಒಬ್ಬ ಗೃಹಸ್ಥರು. ನಾವೆಲ್ಲ ಅಣ್ಣಾ ಅಂತ ಕರೆಯುತ್ತಿದ್ದೆವು. ಮಿಷನ್ ಕೆಟ್ಟರೆ ಬಳ್ಳಾರಿಯಿಂದ ಯಾರನ್ನೂ ಕರೆಸದೆ ತಾವೇ ಬಿಚ್ಚಿ ಜೋಡಿಸುವಷ್ಟು ತಿಳಿದವರು. ಊಟದ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ಹೇಳಿದೆ. ಅವರು ನಗಲಿಲ್ಲ. ಲೇಬಲ್ ಬರುವ ರಟ್ಟಿನ ಹಿಂದೆ ಐದಾರು ಪದ ಬರೆದರು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಬೋರ್ಡು, ಮೆಮೊರಿ, ಪವರ್ ಸಪ್ಲೈ. ಮೊದಲೆರಡರ ಕೆಳಗೆ ಗೆರೆ ಎಳೆದರು. ಉಳಿದದ್ದು ಹೇಗೋ ಆಗುತ್ತದೆ, ಆಟ ನಿಂತಿರುವುದು ಈ ಎರಡರ ಮೇಲೆ ಅಂದರು.

ನನಗೆ ತಿಳಿಯಲಿಲ್ಲ ಅಂತ ಮುಖ ನೋಡಿಯೇ ಗೊತ್ತಾಗಿರಬೇಕು. ನಮ್ಮ ಯೂನಿಟ್ಟನ್ನೇ ತೋರಿಸಿ ಹೇಳಿದರು. ಪ್ರೊಸೆಸರ್ ಅಂದರೆ ಕಟಿಂಗ್ ಮಾಸ್ಟರ್. ಗ್ರಾಫಿಕ್ಸ್ ಕಾರ್ಡ್ ಅಂದರೆ ಸಾಲಾಗಿ ಕೂತ ಟೈಲರುಗಳು. ಮಾಸ್ಟರ್ ನಿಧಾನವಾದರೆ ಐವತ್ತು ಟೈಲರುಗಳಿದ್ದರೂ ಖಾಲಿ ಕೂರುತ್ತಾರೆ, ಟೈಲರುಗಳು ಕಡಿಮೆಯಾದರೆ ಮಾಸ್ಟರ್ ಕತ್ತರಿಸಿದ್ದು ಮೂಲೆಯಲ್ಲಿ ಬೀಳುತ್ತದೆ. ಒಂದಕ್ಕೊಂದು ಸರಿಹೊಂದಬೇಕು. ಕೈಯಲ್ಲಿ ಹಣ ಕಡಿಮೆ ಇದ್ದಾಗ ಎರಡೂ ಮಧ್ಯಮದವು ತೆಗೆದುಕೊಳ್ಳಬೇಕೇ ಹೊರತು ಒಂದು ಜೋರು, ಒಂದು ಸಪ್ಪೆ ಮಾಡಬಾರದು ಅಂದರು. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದ ಖುಷಿಯಲ್ಲಿ ಅರ್ಧ ಕೆಲಸ ಮುಗಿಯಿತು ಅಂದುಕೊಂಡು ಮನೆಗೆ ಹೋದೆ.

ಮುಂದಿನ ಭಾನುವಾರ ಇಬ್ಬರೂ ಬಳ್ಳಾರಿಗೆ ಹೋದೆವು. ನನ್ನ ಹತ್ತಿರ ಕೂಡಿಟ್ಟ ಮೂವತ್ತು ಸಾವಿರ ಇತ್ತು. ಅಂಗಡಿಯವನು ಬಹಳ ಮರ್ಯಾದೆಯಿಂದ ಕೂರಿಸಿದ. ಯಾವ ಆಟ, ಎಷ್ಟು ಫ್ರೇಮ್ ಬೇಕು, ಸ್ಕ್ರೀನ್ ಎಷ್ಟು ದೊಡ್ಡದು, ಸೆಟಿಂಗ್ ಮೀಡಿಯಮ್ಮಾ ಹೈಯಾ ಅಂತ ನಮ್ಮವರನ್ನು ಕೇಳಿದ. ನಮ್ಮವರು ನನ್ನ ಮುಖ ನೋಡಿದರು. ನಾನು ರಟ್ಟು ತೆಗೆದು ಕೊಟ್ಟೆ. ಅವನು ಓದಿ, ಕಾರ್ಡ್ ಎಲ್ಲಿಂದ ತರಲಮ್ಮಾ ಅಂದ. ಆ ವರ್ಷ ಕಾರ್ಡುಗಳೇ ಇಲ್ಲವಂತೆ. ಯಾರೋ ಎಲ್ಲೋ ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ಹಣ ಗಣಿ ತೆಗೆಯುತ್ತಾರಂತೆ, ಅದಕ್ಕೆ ಇದೇ ಕಾರ್ಡು ಬೇಕಂತೆ, ಬಂದದ್ದೆಲ್ಲ ಅವರಿಗೇ ಹೋಗುತ್ತದಂತೆ. ಉಳಿದ ಒಂದೆರಡಕ್ಕೆ ಹೇಳಿದ ಬೆಲೆ ನನ್ನ ಪೂರ್ತಿ ಹಣಕ್ಕಿಂತ ಮೇಲಿತ್ತು. ಗಣಿ ಅಂದರೆ ನಮಗೆ ಗೊತ್ತಿದ್ದದ್ದು ಬಳ್ಳಾರಿ ರಸ್ತೆಯ ಕೆಂಪು ಧೂಳು. ಇದು ಯಾವ ಗಣಿಯೋ ತಿಳಿಯಲಿಲ್ಲ.

ಹಳೆಯ ನಾಲ್ಕು ಕೋರಿನ ಪ್ರೊಸೆಸರ್ ಮೇಲೆ ಯಾರೋ ಬಳಸಿದ ಕಾರ್ಡು ಹಾಕಿಕೊಡಲೇ ಅಂದ. ಇಲ್ಲದಿದ್ದರೆ ಚಿತ್ರ ತೋರಿಸುವ ಶಕ್ತಿ ಒಳಗೇ ಇರುವ ಹೊಸ ಪ್ರೊಸೆಸರ್ ಹಾಕಿ, ಕಾರ್ಡನ್ನು ಮುಂದೆ ಎಂದಾದರೂ ಸೇರಿಸಿಕೊಳ್ಳಬಹುದು ಅಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಂಪನಿಯದು ಇದಕ್ಕಿಂತ ಒಳ್ಳೆಯದು, ಆದರೆ ಸ್ಟಾಕ್ ಇಲ್ಲ ಅಂದ. ಪ್ರತಿ ಸಲವೂ ನಮ್ಮ ಕಡೆ ನೋಡಿ, ನೀವೇ ಹೇಳ್ರಿ ಅನ್ನುತ್ತಿದ್ದ. ಲಾರಿಯ ಟೈರು ಕೊಳ್ಳುವಾಗ ಬೆರಳಲ್ಲಿ ಬಡಿದು ನೋಡಿ ಅಂಗಡಿಯವನ ಬಾಯಿ ಮುಚ್ಚಿಸುತ್ತಿದ್ದ ನಮ್ಮವರು ಅಲ್ಲಿ ಎರಡು ಕೈ ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಇನ್ನೊಂದು ವಾರ ಬಿಟ್ಟು ಬರುತ್ತೇವೆ ಅಂದೆ. ಹೊರಗೆ ಬಂದ ಮೇಲೆ ಅವರು, ಬಿಡು, ನಂಗೇನು ಬ್ಯಾಡ ಅಂದರು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟು, ತಾವು ಡ್ರೈವರಿನ ಬೆನ್ನು ಕಾಣುವ ಹಾಗೆ ಓಡಾಡುವ ದಾರಿಯ ಪಕ್ಕ ಕೂತರು.

ನನ್ನ ಅಕ್ಕ ಇರುವುದು ಮಡಕಶಿರಾದಲ್ಲಿ. ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದೆ. ಎರಡು ವಾರದ ಮೇಲೆ ಅವಳೇ ಫೋನು ಮಾಡಿದಳು.

"ಇಲ್ಲಿ ಬಸ್‌ಸ್ಟ್ಯಾಂಡ್ ತಾವ ಒಬ್ನು ನೆಟ್ ಸೆಂಟರ್ ಮುಚ್ತಾವ್ನೆ ಕಣೆ. ಆಟ ಆಡೋ ಕಂಪ್ಯೂಟ್ರು ಅವನತ್ರ ಐತೆ. ಬಂದು ನೋಡ್ಕಂಡೋಗು" ಅಂದಳು.

ಭಾನುವಾರ ಬೆಳಿಗ್ಗೆ ಹೊರಟು, ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಮಡಕಶಿರಾ ಸೇರಿದೆ. ಒಬ್ಬಳೇ ಹೋಗಿದ್ದೆ. ನೆಟ್ ಸೆಂಟರಿನವನಿಗೆ ಮೂವತ್ತು ವರ್ಷ ಇರಬಹುದು. ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿ, ತೆಗೆದ ಮೇಲೆ ಯಾರೂ ಬರಲಿಲ್ಲವಂತೆ; ಮಕ್ಕಳೆಲ್ಲ ಫೋನಿನಲ್ಲೇ ಆಡುತ್ತಾರಂತೆ. ಆರು ಕಂಪ್ಯೂಟರಿನಲ್ಲಿ ಐದು ಆಗಲೇ ಹೋಗಿದ್ದವು. ಉಳಿದಿದ್ದರ ಪ್ರೊಸೆಸರ್ ಬೋರ್ಡು ಹಳೆಯವು, ಅವು ಬೇಡ, ಕಾರ್ಡು ಮಾತ್ರ ತಗೊಂಡು ಹೋಗಿ ಅಂತ ಅವನೇ ಅಂದ. ನಾನು ಕೇಳಿದೆ ಅಂತ ಹಾಕಿ ತೋರಿಸಿದ. ಗಾಡಿಗಳ ಆಟವೊಂದು ಸರಾಗವಾಗಿ ಓಡಿತು. ಅರ್ಧ ಗಂಟೆ ಓಡಿಸಿದ. ಫ್ಯಾನಿನ ಸದ್ದು ಸ್ವಲ್ಪ ಜೋರಾಗಿತ್ತು. ಎಷ್ಟು ದಿನ ಬಾಳುತ್ತದೆ ಅಂದೆ.

"ಅಕ್ಕ, ಅದ್ನ ನಾನು ಯೋಳಕ್ಕಾಗಲ್ಲ. ಇವತ್ತು ನಡೀತೈತೆ, ನೀವೇ ನೋಡ್ತಾ ಇದ್ದೀರ" ಅಂದ.

ಅವನು ಸುಳ್ಳು ಹೇಳಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ.

ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದಿದ್ದವು, ಅವಳಿಗೆ ಸೊಪ್ಪು ಹಾಕುವುದು ಬಿಟ್ಟು ಕೂರುವಷ್ಟು ಪುರುಸೊತ್ತಿರಲಿಲ್ಲ. ನಿಂತೇ ಮುದ್ದೆ ಉಂಡೆ. ಕಾರ್ಡನ್ನು ಜೀನ್ಸ್ ಬಟ್ಟೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ವಾಪಸ್ಸು ಬಂದೆ. ಹೆತ್ತ ಮಗುವನ್ನೂ ಹಾಗೆ ಹಿಡಿದುಕೊಳ್ಳುತ್ತಿದ್ದೆನೋ ಇಲ್ಲವೋ, ನಮಗೆ ಮಕ್ಕಳಿಲ್ಲ.

ಈಗ ಪ್ರೊಸೆಸರ್ ಆರಿಸುವುದು ಉಳಿದಿತ್ತು. ಎಂಬ್ರಾಯ್ಡರಿ ಅಣ್ಣ ತಾವೇ ನಮ್ಮಿಬ್ಬರ ಜೊತೆಗೆ ಬಳ್ಳಾರಿಗೆ ಬಂದರು. ಅಂಗಡಿಯವನು ಎರಡು ಡಬ್ಬಿ ಮೇಜಿನ ಮೇಲೆ ಇಟ್ಟ. ಎರಡರ ಬಣ್ಣವೂ ಒಂದೇ, ಹೆಸರೂ ಒಂದೇ, ನಂಬರೂ ಒಂದೇ. ಒಂದರ ಕೊನೆಯಲ್ಲಿ ಮಾತ್ರ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಿತ್ತು. ಅಕ್ಷರ ಹೆಚ್ಚಿದ್ದದ್ದೇ ಬೆಲೆಯಲ್ಲಿ ಕಡಿಮೆ. ಯಾಕೆ ಅಂದೆ. ಆ ಅಕ್ಷರ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇರುವುದಿಲ್ಲ, ಕಾರ್ಡನ್ನೇ ನಂಬಿಕೊಂಡಿರಬೇಕು ಅಂತ ಅಣ್ಣ ಬಿಡಿಸಿ ಹೇಳಿದರು. ಓಡುವುದರಲ್ಲಿ ಎರಡೂ ಒಂದೇ.

"ಎರಡೂವರೆ ಸಾವಿರ ಹೋದ್ರ ಹೋತು, ಅಕ್ಷರ ಇಲ್ಲದ್ದ ತಗೋರಿ. ನಾಳೆ ಕಾರ್ಡು ಹೋತಂದ್ರ ಸ್ಕ್ರೀನ ಬರಂಗಿಲ್ಲ" ಅಂದರು.

ಅದೇ ಅಂಗಡಿಯ ಕಪಾಟಿನ ಮೇಲೆ ಯಾರೋ ಬಳಸಿ ತಂದುಕೊಟ್ಟ ಸ್ಟೇರಿಂಗ್ ಒಂದಿತ್ತು, ಕೆಳಗೆ ಕಾಲಲ್ಲಿ ಒತ್ತುವ ಎರಡು ಪೆಡಲ್ಲು. ನಮ್ಮವರು ಒಳಗೆ ಬಂದಾಗಿನಿಂದ ಅದನ್ನು ಒಂದೇ ಒಂದು ಸಲ ನೋಡಿದ್ದರು. ಆಮೇಲೆ ಆ ಕಡೆ ತಲೆ ತಿರುಗಿಸದ ಹಾಗೆ ಎಚ್ಚರದಿಂದ ಕೂತಿದ್ದರು. ಅದರ ಬೆಲೆ ಕೇಳಿದೆ. ಆ ಎರಡು ಡಬ್ಬಿಗಳ ನಡುವಿನ ವ್ಯತ್ಯಾಸಕ್ಕೆ ಸರಿಯಾಗಿ ಕೂರುತ್ತಿತ್ತು. ನಾನು ಅಕ್ಷರ ಇದ್ದ ಪ್ರೊಸೆಸರನ್ನೂ ಆ ಸ್ಟೇರಿಂಗನ್ನೂ ತೆಗೆದುಕೊಂಡೆ. ಬೇಡ ಅನ್ನುವುದು ಅಣ್ಣನಿಗೂ ಸಾಧ್ಯವಾಗಲಿಲ್ಲ ಅಂತ ಕಾಣುತ್ತದೆ.

ಮನೆಯಲ್ಲಿ ಎಲ್ಲ ಜೋಡಿಸಿ ಆಟ ಹಾಕಿಕೊಟ್ಟು ಅಣ್ಣ ಹೋದ ಮೇಲೆ ನಮ್ಮವರು ಕಾಲು ತೊಳೆದುಕೊಂಡು ಬಂದರು. ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮೊದಲ ಅರ್ಧ ಗಂಟೆ ಬರೀ ಡಿಕ್ಕಿ. ಆ ದೇಶದಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು, ಇವರು ಎಡಕ್ಕೆ ನುಗ್ಗುತ್ತಾರೆ, ಎದುರಿನವನು ಬಂದು ಗುದ್ದುತ್ತಾನೆ. ಇವರು ತೆಲುಗಿನಲ್ಲಿ ಬೈಯುತ್ತಾರೆ. ಲಾರಿಯವರ ಬೈಗುಳ ಕೇಳಿ ಎಷ್ಟು ದಿನವಾಗಿತ್ತೋ, ನನಗೆ ಅಡುಗೆಮನೆಯಲ್ಲಿ ಕಣ್ಣು ತುಂಬಿ ಬಂತು. ವಾರದೊಳಗೆ ಬಲಗಡೆ ರೂಢಿಯಾಯಿತು. ಊಟಕ್ಕೆ ಕರೆದರೆ ಹಾಗೇ ಎದ್ದು ಬರುತ್ತಿರಲಿಲ್ಲ. ಲಾರಿಯನ್ನು ರಸ್ತೆಯ ಪಕ್ಕದ ಜಾಗಕ್ಕೆ ತಂದು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಿದ್ದರು.

ಹದಿನೆಂಟು ವರ್ಷದಲ್ಲಿ ನಾನು ಅವರ ಲಾರಿಯಲ್ಲಿ ಕೂತದ್ದು ಎರಡೇ ಸಲ, ಅದೂ ಊರೊಳಗೆ. ಈಗ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಬಾ ಕೂಡು, ಕ್ಲೀನರ್ ಇಲ್ಲದ ಹೆಂಗ ಹೋಗಲಿ ಅಂದರು. ಕೆಲಸದಿಂದ ಬಂದು ಚಹಾ ಮಾಡಿಕೊಂಡು ಆ ಕುರ್ಚಿಯಲ್ಲಿ ಕೂರುವುದು ನನಗೆ ಅಭ್ಯಾಸವಾಯಿತು. ಹೆಸರು ಓದಲು ಬಾರದ ಊರುಗಳು, ಹಸಿರು ಗುಡ್ಡ, ಸೇತುವೆ. ನಮ್ಮ ಕಡೆಯ ರಸ್ತೆಗಳ ಬಗ್ಗೆಯೂ ಅವರು ಆಗಲೇ ಮಾತು ತೆಗೆಯುತ್ತಿದ್ದದ್ದು. ಒಂದು ದಿನ ಮಾತಿನ ನಡುವೆ, ಮಾಲೀಕರ ಹತ್ರ ಮಾತಾಡೀನಿ, ದೀಪಾವಳಿ ಆದ ಮ್ಯಾಲೆ ಲಾರಿ ಹತ್ತತೀನಿ ಅಂದುಬಿಟ್ಟರು. ಡಾಕ್ಟರು ಬೇಡ ಅಂದಿದ್ದಾರಲ್ಲ ಅಂದೆ. ಡಾಕ್ಟರು ಎಲ್ಲರಿಗೂ ಹಾಗೇ ಹೇಳುತ್ತಾರೆ, ಹತ್ತು ತಿಂಗಳಿಂದ ಒಂದು ಸಲವಾದರೂ ಬಿದ್ದಿದ್ದೇನಾ, ನೋಡು ಹೇಗೆ ಓಡಿಸುತ್ತಿದ್ದೇನೆ ಅಂದರು. ಲಾರಿಯ ಎರಡನೇ ಬೀಗದ ಕೈ ಇನ್ನೂ ಅವರ ಹತ್ತಿರವೇ ಇತ್ತು ಅನ್ನುವುದು ಆವತ್ತು ಗೊತ್ತಾಯಿತು. ಅವರನ್ನು ಎಬ್ಬಿಸಿ ಕೂರಿಸಬೇಕು ಅಂತ ಈ ಯಂತ್ರ ತಂದವಳು ನಾನೇ.

ಅದಾಗಿ ಮೂರ್ನಾಲ್ಕು ದಿನಕ್ಕೆ, ಸಂಜೆ ಐದೂವರೆ ಇರಬಹುದು, ನಾನು ಪಕ್ಕದಲ್ಲೇ ಕೂತಿದ್ದೆ. ನೆಟ್ಟಗಿನ ರಸ್ತೆ, ಎದುರಿನಿಂದ ಒಂದೊಂದೇ ಕಾರು. ಲಾರಿ ಮೆಲ್ಲಗೆ ಎಡಕ್ಕೆ ಸರಿಯತೊಡಗಿತು. ಯಾವುದೋ ಗಾಡಿಯನ್ನು ಹಿಂದೆ ಹಾಕುತ್ತಿದ್ದಾರೆ ಅಂದುಕೊಂಡೆ, ಮುಂದೆ ಯಾವ ಗಾಡಿಯೂ ಇರಲಿಲ್ಲ. ಅವರ ಕಡೆ ತಿರುಗಿದೆ. ಕಣ್ಣು ತೆರೆದೇ ಇತ್ತು. ಕೈ ಸ್ಟೇರಿಂಗ್ ಮೇಲೆ ಇತ್ತು, ಆದರೆ ಹಿಡಿತ ಇರಲಿಲ್ಲ. ಒಣ ಬಾಯಿ ಚಪ್ಪರಿಸುವವರ ಹಾಗೆ ತುಟಿ ಆಡುತ್ತಿತ್ತು. ಕರೆದೆ. ಭುಜ ಹಿಡಿದು ಕರೆದೆ. ಕೇಳಿಸಲಿಲ್ಲ. ಲಾರಿ ಪೂರಾ ಎದುರಿನ ಸಾಲಿಗೆ ಹೋಗಿ ಒಂದು ಬಿಳಿ ಕಾರಿಗೆ ಹೊಡೆದು, ಅದನ್ನು ತಳ್ಳಿಕೊಂಡೇ ಹೋಗಿ ಬೇಲಿಗೆ ಸಿಕ್ಕಿ ನಿಂತಿತು. ಅವರ ಕಾಲು ಇನ್ನೂ ಪೆಡಲ್ಲು ಒತ್ತಿಕೊಂಡೇ ಇತ್ತು, ಇಂಜಿನ್ ಅರಚುತ್ತಿತ್ತು.

ಎಷ್ಟು ಹೊತ್ತೋ, ಒಂದು ನಿಮಿಷಕ್ಕಿಂತ ಕಡಿಮೆಯೇ. ಆಮೇಲೆ ಅವರು ರೆಪ್ಪೆ ಬಡಿದು, ಸ್ಕ್ರೀನ್ ನೋಡಿ, ಹುಬ್ಬು ಗಂಟಿಕ್ಕಿದರು.

"ಯಾವನಾವ, ಬಂದು ಹೊಡದಾವ?" ಅಂದರು.

ನಾನು ಸುಮ್ಮನಿರಬಹುದಿತ್ತು. ಹೌದು, ಅವನೇ ಬಂದು ಹೊಡೆದ ಅಂದಿದ್ದರೆ ಅವರು ನಂಬುತ್ತಿದ್ದರು, ಆ ಸಂಜೆ ಹಾಗೇ ಮುಗಿದು ಹೋಗುತ್ತಿತ್ತು. ಆದರೆ ದೀಪಾವಳಿಗೆ ಇದ್ದದ್ದು ಇನ್ನು ಒಂದೂವರೆ ತಿಂಗಳು.

"ಅವನಲ್ಲ ರೀ. ನೀವೇ ಹೊಡೆದಿದ್ದು" ಅಂದೆ.

ನಗಾಡಿದರು. ನಾನು ನಗಲಿಲ್ಲ. ನೋಡಿದ್ದನ್ನು ನೋಡಿದ ಹಾಗೆಯೇ ಹೇಳಿದೆ, ಲಾರಿ ಹೇಗೆ ಸರಿಯಿತು, ನಾನು ಎಷ್ಟು ಸಲ ಕರೆದೆ, ಕಣ್ಣು ತೆರೆದೇ ಇತ್ತು ಅನ್ನುವುದು. ಅವರು ಮಧ್ಯದಲ್ಲಿ ಒಂದು ಸಲ, ಕರದ್ಯಾ? ಅಂತ ಕೇಳಿದರು. ಮೂರು ಸಲ ಅಂದೆ. ಸ್ಕ್ರೀನಿನ ಕಡೆ ತಿರುಗಿದರು. ಬಿಳಿ ಕಾರು ಲಾರಿಯ ಮುಂದೆ ಅಡ್ಡ ಸಿಕ್ಕಿಕೊಂಡೇ ಇತ್ತು. ಅದರಲ್ಲಿ ಯಾರೂ ಇರಲಿಲ್ಲ, ಬರೀ ಚಿತ್ರ. ಆದರೂ ಅವರು ಅದರ ಕಿಟಕಿಯ ಕಡೆ ಬಗ್ಗಿ ನೋಡಿದರು.

"ನಂಗ ಗೊತ್ತಾಗಲಿಲ್ಲ. ಏನೇನೂ ಗೊತ್ತಾಗಲಿಲ್ಲ" ಅಂದರು.

ಮೂರ್ಛೆ ಅಂದರೆ ಬೀಳುವುದು ಮಾತ್ರ ಅಂತ ಅವರು ತಿಳಿದಿದ್ದರು, ನಾನೂ ಅಷ್ಟೇ. ಬೀಳದೆಯೂ ಬರುತ್ತದೆ, ಬಂದು ಹೋದದ್ದು ಬಂದವನಿಗೇ ಗೊತ್ತಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಿರಬಹುದು. ನಮ್ಮ ಕಿವಿಗೆ ಹೋಗಿರಲಿಲ್ಲ. ಹತ್ತು ತಿಂಗಳಿಂದ ಬಿದ್ದಿಲ್ಲ ಅಂದಿದ್ದರಲ್ಲ, ಆ ಹತ್ತು ತಿಂಗಳಲ್ಲಿ ಹೀಗೆ ಎಷ್ಟು ಬಂದು ಹೋಗಿದ್ದವೋ. ಲಾರಿಯ ಮೇಲಿದ್ದ ಆ ಹದಿನೆಂಟು ವರ್ಷದ ಕೊನೆಯ ದಿನಗಳಲ್ಲಿ ಎಷ್ಟೋ. ಅದನ್ನು ನಾವಿಬ್ಬರೂ ಬಾಯಿ ಬಿಟ್ಟು ಮಾತಾಡಲಿಲ್ಲ. ಅವರು ಮಾತ್ರ ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಯಾವ ಯಾವ ರಸ್ತೆ, ಯಾವ ಯಾವ ಊರಿನ ತಿರುವು ನೆನಪಿಗೆ ಬರುತ್ತಿತ್ತೋ.

ಮೂರನೆಯ ದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಮಾಲೀಕರ ಮನೆಗೆ ನಡೆದುಕೊಂಡೇ ಹೋಗಿ ಬೀಗದ ಕೈ ಕೊಟ್ಟು ಬಂದರು. ಬೇರೆ ಡ್ರೈವರನ್ನು ನೋಡಿಕೊಳ್ಳಿ ಅಂದರಂತೆ. ಅದೇ ವಾರ ಬಳ್ಳಾರಿಗೆ ಹೋದಾಗ ಡಾಕ್ಟರಿಗೂ ತಾವೇ ಹೇಳಿದರು. ಡಾಕ್ಟರು ಮಾತ್ರೆ ಬದಲಿಸಿದರು. ಕಂಪ್ಯೂಟರಿನ ಆಟ ಬಿಡಬೇಕಾ ಅಂತ ನಾನು ಕೇಳಿದೆ. ಬೆಳಕಿನ ಮಿಂಚಿಗೆ ಇವರಿಗೆ ಏನೂ ಆಗುವುದಿಲ್ಲ, ಪರೀಕ್ಷೆಯಲ್ಲಿ ನೋಡಿದ್ದೇನೆ, ಹಗಲು ಒಂದು ಗಂಟೆ ಆಡಲಿ, ನಿದ್ದೆ ಕೆಡದಿರಲಿ ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಮ್ಮವರು ಅತ್ತರು. ನಾನು ಪಕ್ಕದಲ್ಲಿ ಮಾತ್ರೆಯ ಚೀಟಿ ಹಿಡಿದುಕೊಂಡು ನಿಂತಿದ್ದೆ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು.

ಅವರು ಮತ್ತೆ ಆಟಕ್ಕೆ ಕೂತರು, ಮೊದಲಿನ ಜೋರಿಲ್ಲದೆ. ಒಂದು ವಾರವೂ ಆಗಿರಲಿಲ್ಲ, ಒಂದು ಮಧ್ಯಾಹ್ನ ಸ್ಕ್ರೀನಿನಲ್ಲಿ ಬಣ್ಣಬಣ್ಣದ ಗೆರೆ ಬಂದು, ಪೂರಾ ಕಪ್ಪಾಗಿ ಹೋಯಿತು. ಸದ್ದು ಮಾತ್ರ ನಿಲ್ಲಲಿಲ್ಲ. ಲಾರಿಯ ಇಂಜಿನ್ ಹಾಗೇ ಗುಡುಗುತ್ತಿತ್ತು. ಅವರು ಮೆಲ್ಲಗೆ ಬ್ರೇಕ್ ಒತ್ತಿದರು. ಕಪ್ಪು ಪರದೆಯ ಹಿಂದೆ ಲಾರಿ ನಿಧಾನವಾಗಿ, ನಿಧಾನವಾಗಿ ನಿಂತದ್ದು ಕೇಳಿಸಿತು.

ಎಂಬ್ರಾಯ್ಡರಿ ಅಣ್ಣ ಬಂದು ಬಿಚ್ಚಿ ನೋಡಿ, ಕಾರ್ಡು ಹೋಗಿದೆ ಅಂದರು. ಪ್ರೊಸೆಸರಿಗೆ ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ, ತೋರಿಸುವುದಕ್ಕೆ ಮಾತ್ರ ಏನೂ ಇಲ್ಲ. ನಾನು ಹೇಳಿರಲಿಲ್ಲವೇ ಅಂತ ಒಂದು ಮಾತು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಅನ್ನಲಿಲ್ಲ. ಬಟ್ಟೆಯಿಂದ ಧೂಳು ಒರೆಸಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿದು ಹೋದರು.

ಮಡಕಶಿರಾದವನಿಗೆ ಫೋನು ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. ಅವನು ಎತ್ತಿದಾಗ ಹಿಂದೆ ಮಿಷನ್‌ಗಳ ಸದ್ದು ಕೇಳಿಸಿತು, ನೂರಾರು ಮಿಷನ್ ಒಟ್ಟಿಗೆ ಓಡುವಾಗ ಬರುವ ಸದ್ದು, ನನಗೆ ಅದು ಚೆನ್ನಾಗಿ ಗೊತ್ತು. ಎಲ್ಲಿದ್ದೀಯಪ್ಪಾ ಅಂದೆ. ಬೆಂಗಳೂರಿಗೆ ಬಂದಿದ್ದೇನೆ, ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಆಗಿ ಸೇರಿದ್ದೇನೆ ಅಂದ. ಬಂಡಲ್ ಹೊತ್ತು ಹೊತ್ತು ಸೊಂಟ ಹಿಡಿದಿದೆಯಂತೆ. ಕಾರ್ಡು ಹೋಗಿದ್ದನ್ನು ಹೇಳಿದೆ.

"ಅಕ್ಕ, ವಾಪಸ್ ಕೊಡಾನ ಅಂದ್ರೆ ನನ್ನತ್ರ ಏನೂ ಇಲ್ಲ" ಅಂದ.

ಆ ಕಡೆಯಿಂದ ಯಾರೋ ಅವನನ್ನು ಗದರಿಸಿದರು, ಫೋನು ಇಡು ಅಂತ. ನಾನು ಗಾರ್ಮೆಂಟ್ಸಿನಲ್ಲಿ ಇದ್ದಾಗ ಸೂಪರ್‌ವೈಸರು ಗದರಿಸುತ್ತಿದ್ದದ್ದೂ ಹಾಗೆಯೇ. ಇರಲಿ ಬಿಡಪ್ಪಾ, ಕೆಲಸ ನೋಡು ಅಂದು ಇಟ್ಟೆ. ಬೈಗುಳ ನನ್ನ ಬಾಯಲ್ಲೇ ಉಳಿಯಿತು.

ಆಮೇಲೆ ಹತ್ತು ಹನ್ನೊಂದು ತಿಂಗಳು ಕಂಪ್ಯೂಟರು ಮೂಲೆಯಲ್ಲಿತ್ತು. ಅದರ ಮೇಲೆ ಬಟ್ಟೆ ಮುಚ್ಚಿದ್ದೆ. ಕಾರ್ಡಿನ ಬೆಲೆ ಇಳಿಯುತ್ತದೆ ಅಂತ ಅಣ್ಣ ಆಗಾಗ ಹೇಳುತ್ತಿದ್ದರು. ಇಳಿಯಿತೂ ಅನ್ನಿ, ನಮಗೆ ಎಟುಕುವಷ್ಟು ಇಳಿಯಲಿಲ್ಲ. ಕೊನೆಗೆ ಅಣ್ಣನೇ ನಮ್ಮ ಪ್ರೊಸೆಸರನ್ನು ಯಾರಿಗೋ ಕೊಡಿಸಿ, ಮೇಲೆ ಸ್ವಲ್ಪ ಹಾಕಿ, ಅಂದು ಮೇಜಿನ ಮೇಲೆ ಬಿಟ್ಟು ಬಂದಿದ್ದೆವಲ್ಲ, ಚಿತ್ರ ತೋರಿಸುವ ಭಾಗ ಒಳಗೇ ಇರುವ ಅಂಥದ್ದನ್ನು ತಂದು ಕೂರಿಸಿದರು. ಈಗ ಆಟ ನಡೆಯುತ್ತದೆ. ಎಲ್ಲವನ್ನೂ ಕಡಿಮೆಗೆ ಇಟ್ಟರೆ ಮಾತ್ರ ನಡೆಯುತ್ತದೆ. ಮರಗಳು ಹಸಿರು ಕಾಗದ ಕತ್ತರಿಸಿ ನಿಲ್ಲಿಸಿದ ಹಾಗೆ ಕಾಣುತ್ತವೆ, ಕನ್ನಡಿಯಲ್ಲಿ ಹಿಂದಿನದು ಸರಿಯಾಗಿ ತೋರುವುದಿಲ್ಲ, ಊರೊಳಗೆ ಗಾಡಿ ಹೆಚ್ಚಾದರೆ ತಡವರಿಸುತ್ತದೆ. ಇಷ್ಟು ಸಾಕು ಅನ್ನುತ್ತಾರೆ ನಮ್ಮವರು. ಸಾಕು ಅನ್ನುವ ಮಾತನ್ನು ಅವರು ಈಗ ಎಲ್ಲದಕ್ಕೂ ಬಳಸುತ್ತಾರೆ.

ಮಾತ್ರೆ ಬದಲಿಸಿದ ಮೇಲೂ ಅದು ಪೂರಾ ನಿಂತಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಲ ಬರುತ್ತದೆ, ಉಣ್ಣುವಾಗ, ಪ್ಯಾಂಟಿನ ದಾರ ಕತ್ತರಿಸುವಾಗ, ಯಾವಾಗ ಅಂತ ಹೇಳಲು ಬರುವುದಿಲ್ಲ. ಬಂದಾಗ ಕೈಯಲ್ಲಿನ ಕತ್ತರಿ ತೆಗೆದಿಡುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ. ಅದಕ್ಕಿಂತ ಹೆಚ್ಚು ಮಾಡುವಂಥದ್ದು ಏನೂ ಇಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಹೋದ ಮೇಲೆ ಅವರು ನನ್ನ ಮುಖ ನೋಡಿ, ಬಂದಿತ್ತೇನು ಅಂತ ಕೇಳುತ್ತಾರೆ. ಬಂದಿತ್ತು ಅನ್ನುತ್ತೇನೆ. ಸುಳ್ಳು ಹೇಳುವುದಿಲ್ಲ ಅಂತ ನಮ್ಮಿಬ್ಬರ ನಡುವೆ ಮಾತಾಗಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಒಂದು ಗಂಟೆ ಲಾರಿ ಓಡಿಸುತ್ತಾರೆ. ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ರಸ್ತೆ ಹೇಗಿದೆ ನೋಡು ಅನ್ನುತ್ತಾರೆ, ಚೆನ್ನಾಗಿದೆ ಅನ್ನುತ್ತೇನೆ. ನಾನು ರಸ್ತೆ ನೋಡುತ್ತಿರುವುದಿಲ್ಲ.